ಅಂಚಿನಲ್ಲಿ ಮೂರು ಅಕ್ಷರ

ಪುಸ್ತಕ ಓದಿ ಮುಗಿಸಿದ ಮೇಲೆ ಅದನ್ನು ಮುಚ್ಚಬೇಕು, ಎರಡೂ ಕಣ್ಣಿಗೆ ಒತ್ತಿಕೊಳ್ಳಬೇಕು, ಆಮೇಲೆ ಮಣೆಯ ಮೇಲಿಡಬೇಕು. ಇದು ನನ್ನ ಅಜ್ಜ ನನಗೆ ಕಲಿಸಿದ ವಿದ್ಯೆ. ಅವರು ಕಲಿಸಿದ ಉಳಿದ ವಿದ್ಯೆಗಳೆಲ್ಲ ಒಂದೊಂದಾಗಿ ನನ್ನನ್ನು ಬಿಟ್ಟುಹೋದವು. ಇದೊಂದು ಮಾತ್ರ ವೀಸಾ ಇಲ್ಲದೆ ಕುವೈತಿನವರೆಗೂ ಬಂತು. ಅದರಿಂದಾಗಿ ಒಂದು ಶುಕ್ರವಾರ ಮಧ್ಯಾಹ್ನ ಏನಾಯಿತು ಎಂಬುದನ್ನು ಬರೆದಿಡುತ್ತಿದ್ದೇನೆ. ನಂಬಿ ಎಂದು ಯಾರನ್ನೂ ಕೇಳುವುದಿಲ್ಲ. ನಾನು ಅಲ್ಯೂಮಿನಿಯಂ ಕಿಟಕಿಗಳ ನಕ್ಷೆ ಬರೆದು ಹೊಟ್ಟೆ ಹೊರೆದ ಮನುಷ್ಯ. ಮಿಲಿಮೀಟರಿನಲ್ಲಿ ಅಳೆಯಲಾಗದ್ದನ್ನು ನಂಬುವುದು ನನಗೂ ಕಷ್ಟ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಕುವೈತಿನ ರಾಯ್ ಎಂಬ ಕಾರ್ಖಾನೆಗಳ ಪ್ರದೇಶದಲ್ಲಿ, ಒಂದು ವರ್ಕ್‌ಶಾಪಿನ ಮಹಡಿಯ ಮೇಲೆ ನಮ್ಮ ಡ್ರಾಯಿಂಗ್ ಆಫೀಸು ಇತ್ತು. ಕೆಳಗೆ ಅಲ್ಯೂಮಿನಿಯಂ ಕೊಯ್ಯುವ ಗರಗಸ ದಿನವಿಡೀ ಕಿರುಚುತ್ತಿತ್ತು. ಮೇಲೆ ಇಬ್ಬರು ಡ್ರಾಫ್ಟ್ಸ್‌ಮನ್‌ಗಳು, ಗದಗಿನ ಕಡೆಯ ನಾನು, ಫಿಲಿಪೀನ್ಸಿನ ಕಡೆಯ ಅವನು. ಅವನನ್ನು ಎಲ್ಲರೂ ‘ಕುಯಾ’ ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಅಣ್ಣ ಎಂದರ್ಥ. ಅವನು ನನ್ನನ್ನು, ಕುವೈತಿನಲ್ಲಿ ಎಲ್ಲರೂ ಎಲ್ಲ ಹಿಂದೂಸ್ತಾನಿಗಳನ್ನು ಕರೆಯುವಂತೆ, ‘ಭಾಯಿ’ ಎನ್ನುತ್ತಿದ್ದ. ಹೀಗೆ ಇಬ್ಬರೂ ಪರಸ್ಪರ ಅಣ್ಣಂದಿರಾಗಿದ್ದೆವು, ತಮ್ಮನ ಕೆಲಸ ಮಾಡುವವರು ಯಾರೂ ಇರಲಿಲ್ಲ. ನಮ್ಮ ಮಾತು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಅವನ ಇಂಗ್ಲಿಷು ಬೇರೆ, ನನ್ನ ಇಂಗ್ಲಿಷು ಬೇರೆ, ಆದರೂ ಹನ್ನೊಂದು ವರ್ಷ ಜಗಳವಾಗಲಿಲ್ಲ.

ಬ್ನೇದ್ ಅಲ್ ಗಾರ್ ಬಡಾವಣೆಯ ಒಂದೇ ಕಟ್ಟಡದಲ್ಲಿ ನಮ್ಮಿಬ್ಬರ ವಾಸ. ನಾನು, ಹೆಂಡತಿ, ಮಗಳು ಎರಡನೆಯ ಮಹಡಿಯಲ್ಲಿ. ಕುಯಾ ಮೂರನೆಯ ಮಹಡಿಯಲ್ಲಿ ಒಬ್ಬನೇ.

ಊಟದ ಬಿಡುವಿನಲ್ಲಿ ನಾನು ರೊಟ್ಟಿ ಬಿಚ್ಚುತ್ತಿದ್ದೆ, ಅವನು ಅನ್ನ ಮತ್ತು ಒಣಮೀನು ಬಿಚ್ಚುತ್ತಿದ್ದ. ಇಬ್ಬರೂ ಒಬ್ಬರ ಡಬ್ಬಿಯ ವಾಸನೆಯನ್ನು ಇನ್ನೊಬ್ಬರು ಕ್ಷಮಿಸಿ ಉಣ್ಣುತ್ತಿದ್ದೆವು. ಆಗ ಅವನು ತನ್ನ ದೇಶದ ಕತೆ ಹೇಳುವನು. ಮುನ್ನೂರು ವರ್ಷಕ್ಕೂ ಮೇಲೆ ಸ್ಪೇನಿನವರು ಆಳಿದರಂತೆ. ಆಳಿದ್ದು ರಾಜನೆಂದು ಕಾಗದದಲ್ಲಿತ್ತು. ಊರಲ್ಲಿ ಆಳಿದವರು ಪಾದ್ರಿಗಳು. ಚರ್ಚಿನ ಗಂಟೆ ಎಲ್ಲಿಯವರೆಗೆ ಕೇಳುತ್ತದೋ ಅಲ್ಲಿಯವರೆಗೆ ಊರು. ಕೇಳದಷ್ಟು ದೂರ ಮನೆ ಕಟ್ಟಿಕೊಂಡವನು ಕಾಡುಮನುಷ್ಯ, ತಲೆತಪ್ಪಿಸಿಕೊಂಡವನು. ಜನರ ಹೆಸರುಗಳು ಆಳುವವರ ರಿಜಿಸ್ಟರಿಗೆ ಒಗ್ಗಲಿಲ್ಲ. ಒಬ್ಬ ಗವರ್ನರ್ ಅಡ್ಡಹೆಸರುಗಳ ಒಂದು ದಪ್ಪ ಪಟ್ಟಿಯನ್ನೇ ಮಾಡಿಸಿ ಊರೂರಿಗೆ ಪುಟ ಹಂಚಿಸಿದ. ಕೆಲವು ಊರುಗಳಿಗೆ ಸಿಕ್ಕಿದ್ದು ಒಂದೇ ಅಕ್ಷರದ ಪುಟಗಳು.

“ನಮ್ಮ ಊರಿನಲ್ಲಿ ಎಲ್ಲರ ಅಡ್ಡಹೆಸರೂ ಒಂದೇ ಅಕ್ಷರದಿಂದ ಶುರು,” ಎಂದ ಕುಯಾ. “ಹಾಜರಿ ಕರೆಯುವ ಮೇಷ್ಟ್ರಿಗೆ ಆಕಳಿಕೆ ಬರುತ್ತದೆ.”

“ನನ್ನ ಇಕಾಮಾ ನೋಡು,” ಎಂದು ವಾಸದ ಪರವಾನಗಿಯ ಕಾರ್ಡು ಮುಂದಿಟ್ಟೆ. “ನನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಊರಿನ ಹೆಸರು. ಅರಬ್ಬಿಯಲ್ಲಿ ಓದಿದಾಗ ನಾಲ್ಕು ಜನ ಒಟ್ಟಿಗೆ ಕೆಲಸಕ್ಕೆ ಬಂದ ಹಾಗಿದೆ.”

“ಪಗಾರ ಒಬ್ಬನಿಗೇ,” ಎಂದು ಅವನು ಗಂಭೀರವಾಗಿ ವಿಷಾದಿಸಿದ.

ಅಂಥ ಒಂದು ಮಧ್ಯಾಹ್ನ ಅವನು ಪುಸ್ತಕದ ಮಾತು ತೆಗೆದ. ಪಾದ್ರಿಗಳ ಕಾಲದಲ್ಲಿ ಬಡವರ ಮನೆಯಲ್ಲಿ ಇರಬಹುದಾಗಿದ್ದ ಕಾವ್ಯ ಒಂದೇ, ಯೇಸುವಿನ ಯಾತನೆಯ ಕತೆ, ಅವರದೇ ಭಾಷೆಯಲ್ಲಿ. ಐದು ಸಾಲಿನ ಪದ್ಯ, ಸಾಲಿಗೆ ಎಂಟು ಅಕ್ಷರ. ನಮ್ಮ ಷಟ್ಪದಿಗಿಂತ ಒಂದು ಸಾಲು ಕಡಿಮೆ ಎಂದು ನಾನು ಮನಸ್ಸಿನಲ್ಲೇ ಅದಕ್ಕೆ ಅರ್ಧ ಅಂಕ ಕಳೆದೆ. ಗುಡ್ ಫ್ರೈಡೇಯ ಹಿಂದಿನ ದಿನ ಓದಲು ಕುಳಿತರೆ ಶುಕ್ರವಾರ ಮಧ್ಯಾಹ್ನ ಮೂರರೊಳಗೆ ಮುಗಿಸಬೇಕು. ನಡುವೆ ಒಂದು ಕ್ಷಣವೂ ದನಿ ನಿಲ್ಲಬಾರದು. ಒಬ್ಬರ ಗಂಟಲು ಕಟ್ಟಿದರೆ ಇನ್ನೊಬ್ಬರು ಎತ್ತಿಕೊಳ್ಳಬೇಕು. ನಮ್ಮೂರ ನಾಮಸಪ್ತಾಹದಲ್ಲಿ ವೀಣೆ ನೆಲಕ್ಕಿಡದೆ ಕೈಯಿಂದ ಕೈಗೆ ಸಾಗಿಸುತ್ತಾರಲ್ಲ, ಹಾಗೆ. ಆದ್ದರಿಂದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಆಶ್ಚರ್ಯ ಕಂಡದ್ದು ಅವನು ಅಂದು ಚೀಲದಿಂದ ತೆಗೆದು ತೋರಿಸಿದ ತನ್ನ ಮನೆತನದ ಪ್ರತಿಯಲ್ಲಿ. ಮುತ್ತಜ್ಜನ ಕಾಲದ ಅಚ್ಚು. ತೊಗಲಿನ ರಟ್ಟು, ಮೇಣದಬತ್ತಿಯ ಕಲೆ. ಪುಟಗಳ ಅಂಚಿನಲ್ಲಿ ಅಲ್ಲಲ್ಲಿ ಶಾಯಿಯಲ್ಲಿ ಬರೆದ ಒಂದೊಂದು ಪದ.

“ಇವು ಹೆಸರುಗಳು,” ಎಂದ ಕುಯಾ. “ಹೋದವರು, ತಿರುಗಿ ಬರದವರು. ಇವನನ್ನು ರಾಜನ ಹಡಗಿಗೆ ಮರ ಕಡಿಯಲು ಬಿಟ್ಟಿ ಹಿಡಿದುಕೊಂಡು ಹೋದರು. ಇವನನ್ನು ಪೊಲೀಸರು ಒಂದು ಬೆಳಿಗ್ಗೆ ಕರೆದರು. ಇವನು ಅಮೆರಿಕದವರು ಬಂದಾಗಿನವನು. ಈ ಇಬ್ಬರು ಜಪಾನಿನವರ ಕಾಲದವರು.”

“ಅಂಚಿನಲ್ಲಿ ಯಾಕೆ?”

“ಬೇರೆ ಎಲ್ಲಿ ಬರೆಯುವುದು? ಬೇರೆ ಕಾಗದ ಸಿಕ್ಕರೆ ಸುಡುತ್ತಿದ್ದರು, ಬರೆದವನನ್ನು ಒದೆಯುತ್ತಿದ್ದರು. ಈ ಪುಸ್ತಕ ಮುಟ್ಟುವಂತಿರಲಿಲ್ಲ. ಓದುವಾಗ ಆ ಪುಟ ಬಂದರೆ ಅಂಚಿನ ಹೆಸರನ್ನೂ ಅದೇ ರಾಗದಲ್ಲಿ ಸೇರಿಸಿ ಹಾಡಿಬಿಡುವುದು. ಪಾದ್ರಿ ಜಗಲಿಯಲ್ಲಿ ಕುಳಿತು ಕೇಳುತ್ತಿದ್ದನಂತೆ. ಎಂಥ ಭಕ್ತಿ ಇವರದು ಅಂತ ತಲೆದೂಗುತ್ತಿದ್ದನಂತೆ.”

ಪಟ್ಟಿಯಿಂದ ಹಂಚಿದ ಹೆಸರನ್ನು ಅಂಚಿಗೆ ಬರೆಯುವಂತಿರಲಿಲ್ಲ. ತಾಯಿ ಮನೆಯೊಳಗೆ ಕರೆಯುತ್ತಿದ್ದ ಹೆಸರನ್ನೇ ಬರೆಯಬೇಕು. ಬರೆಯುವವರು ಮನೆಯವರಾಗಿರಬಾರದು. ಬರೆದ ಮೇಲೆ ಆ ಮನುಷ್ಯ ಸತ್ತಂತೆ, ಅವನ ಹೆಸರಲ್ಲಿ ಮೇಣದಬತ್ತಿ ಹಚ್ಚಬಹುದು. ಬರೆಯುವವರೆಗೆ ಹಚ್ಚುವಂತಿಲ್ಲ.

ಇಷ್ಟು ಹೇಳಿ ಅವನು ಡಬ್ಬಿಯ ಮುಚ್ಚಳ ಹಾಕಿದ. ಆಮೇಲೆ ತನ್ನ ಅಕ್ಕನ ಸುದ್ದಿ ಹೇಳಿದ.

ಅಕ್ಕ ಕುವೈತಿನಲ್ಲಿ ಮನೆಗೆಲಸಕ್ಕಿದ್ದಳು. ಇರಾಕಿನ ಸೈನ್ಯ ಒಳಗೆ ಬಂದ ಆ ಆಗಸ್ಟಿನಲ್ಲಿ ಅವಳಿದ್ದ ಮನೆಯವರು ಗಡಿ ದಾಟಿ ಹೋದರು. ಅವಳು ಅವರೊಂದಿಗೆ ಹೋದಳೋ, ಹಿಂದೆ ಉಳಿದಳೋ, ದಾರಿಯಲ್ಲಿ ಎಲ್ಲಿ ಇಳಿದಳೋ ಯಾರಿಗೂ ಗೊತ್ತಿಲ್ಲ. ಮನೆಯವರೂ ತಿರುಗಿ ಬರಲಿಲ್ಲ. ಯುದ್ಧ ಮುಗಿದ ಮೇಲೆ ಕುಯಾ ಅವಳನ್ನು ಹುಡುಕಲೆಂದೇ ಈ ಕೆಲಸ ಹಿಡಿದು ಬಂದ. ಆಫೀಸುಗಳು, ಆಸ್ಪತ್ರೆಗಳು, ಎಂಬಸಿ, ಎಲ್ಲ ಮುಗಿದವು. ಊರಲ್ಲಿ ತಾಯಿಯ ಷರತ್ತು ಒಂದೇ ಆಗಿತ್ತು: “ಏಳು ವರ್ಷ, ಏಳು ಸಲ, ಅವಳು ಕಾಣೆಯಾದ ಊರಿನಲ್ಲೇ ಓದಿ ಮುಗಿಸು. ಒಂದು ಸಲ ದನಿ ತುಂಡಾದರೂ ಮತ್ತೆ ಒಂದರಿಂದ ಶುರು. ಏಳಾದ ಮೇಲೂ ಬರದಿದ್ದರೆ ಅಂಚಿಗೆ ಬರೆಸು. ಅಷ್ಟರೊಳಗೆ ಪೆನ್ನು ಮುಟ್ಟಿಸಿದರೆ ನಾನು ನಿನ್ನ ತಾಯಿಯಲ್ಲ.”

“ಈ ಸಲ ಎಷ್ಟನೆಯದು?”

“ಏಳನೆಯದು,” ಎಂದ. “ಕಳೆದ ವಾರ ಅಮ್ಮ ಫೋನಿನಲ್ಲಿ ಹೇಳುತ್ತಾಳೆ, ಏಳಲ್ಲ ಮಗಾ, ನಾನು ಹೇಳಿದ್ದು ಹದಿನಾಲ್ಕು.”

ನಾನು ನಗಲು ಹೋಗಿ ಅವನ ಮುಖ ನೋಡಿದೆ.

“ಭಾಯಿ, ಏಳು ವರ್ಷದಿಂದ ನನ್ನ ಅಕ್ಕನಿಗೆ ಯಾರೂ ಒಂದು ಬತ್ತಿ ಹಚ್ಚಿಲ್ಲ. ಬದುಕಿದ್ದರೆ ಸರಿ. ಸತ್ತಿದ್ದರೆ ಅವಳು ಕತ್ತಲಲ್ಲಿ ನಿಂತಿದ್ದಾಳೆ.”

ಅವನು ಇನ್ನೊಂದು ವಿಷಯ ಹೇಳಿದ್ದರೆ ಚೆನ್ನಾಗಿತ್ತು. ಅದನ್ನು ನನಗೆ ಹೇಳಿದವನು ಕಟ್ಟಡದ ಹಾರಿಸ್, ಅಂದರೆ ಕಾವಲುಗಾರ. ಕುಯಾನ ಪಕ್ಕದ ಫ್ಲಾಟು ಯುದ್ಧದ ವರ್ಷದಿಂದ ಬೀಗ ಬಿದ್ದುಕೊಂಡಿತ್ತು. ಏನೋ ಕೋರ್ಟಿನ ತಕರಾರು. ಅಕ್ಕ ಕೆಲಸಕ್ಕಿದ್ದದ್ದು ಆ ಫ್ಲಾಟಿನಲ್ಲಿ. ಈ ಮನುಷ್ಯ ಊರೆಲ್ಲ ಬಿಟ್ಟು ಆ ಗೋಡೆಯ ಪಕ್ಕವೇ ಮನೆ ಹಿಡಿದು, ವರ್ಷಕ್ಕೊಮ್ಮೆ ಆ ಗೋಡೆಗೇ ಮೇಜು ತಾಗಿಸಿ ಓದಿಸುತ್ತಿದ್ದ.

ನಾನು ಇದರೊಳಗೆ ಬಂದದ್ದು ಹವ್ಯಾಸದಿಂದ. ಚಿಕ್ಕಂದಿನಲ್ಲಿ ಭಜನಾ ಮೇಳದಲ್ಲಿ ಹಾಡಿದ ಗಂಟಲು, ರಾಗ ಕೇಳಿದರೆ ಸುಮ್ಮನಿರುವುದಿಲ್ಲ. ಬಿಡುವಿನಲ್ಲಿ ಕುಯಾ ಗುನುಗುತ್ತಿದ್ದದ್ದನ್ನು ಕಲಿತೆ. ಒಂದಿಷ್ಟು ಪುಟಗಳನ್ನು ಕನ್ನಡ ಅಕ್ಷರದಲ್ಲಿ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಅರ್ಥ ಗೊತ್ತಿರಲಿಲ್ಲ. ಊರೂರಿಗೆ ಅದರ ರಾಗ ಬೇರೆ ಎಂದು ಅವನೇ ಹೇಳಿದ್ದ. ಫ್ಲಾಟಿನಲ್ಲಿ ಓದುವವರು ಬೇರೆ ಬೇರೆ ಸೀಮೆಯವರಾದ್ದರಿಂದ ಎಲ್ಲರಿಗೂ ಒಗ್ಗುವ ಒಂದು ಸಾಮಾನ್ಯ ರಾಗ ಇಟ್ಟುಕೊಂಡಿದ್ದರು. ತನ್ನ ಊರಿನ ರಾಗವನ್ನು ಅವನು ನನಗೆ ಒಂದೇ ಸಲ ಕೇಳಿಸಿದ್ದ. ಮೂರನೆಯ ಸಾಲನ್ನು ಬಾವಿಯಿಂದ ಹಗ್ಗ ಎಳೆದ ಹಾಗೆ ಎಳೆಯುತ್ತಾರೆ.

ಆ ವರ್ಷದ ಗುಡ್ ಫ್ರೈಡೇ. ಕುವೈತಿನಲ್ಲಿ ಎಲ್ಲ ಶುಕ್ರವಾರವೂ ರಜೆಯಾದ್ದರಿಂದ ಕ್ರೈಸ್ತರು ಯಾರ ಕೈಕಾಲೂ ಹಿಡಿಯದೆ ಆಚರಿಸಬಹುದಾದ ಏಕೈಕ ಹಬ್ಬ. ಬೆಳಿಗ್ಗೆ ಹತ್ತಕ್ಕೆ ಧೂಳು ಎದ್ದಿತು. ಹನ್ನೊಂದಕ್ಕೆ ಕಿಟಕಿಯ ಹೊರಗೆ ಎಲ್ಲ ಇಟ್ಟಂಗಿ ಬಣ್ಣ. ಎದುರಿನ ಕಟ್ಟಡವೇ ಇರಲಿಲ್ಲ. ಬೀದಿಯ ದೀಪಗಳು ಹಗಲಲ್ಲೇ ಹತ್ತಿಕೊಂಡವು.

ಕುಯಾ ನಮ್ಮ ಬಾಗಿಲಲ್ಲಿ ನಿಂತಿದ್ದ. ದನಿ ಪೂರ್ತಿ ಬಿದ್ದುಹೋಗಿತ್ತು. ಫಿಂಟಾಸ್‌ನಿಂದ ಬರಬೇಕಾಗಿದ್ದ ನಾಲ್ವರು ಧೂಳಿನಲ್ಲಿ ಸಿಕ್ಕಿಬಿದ್ದಿದ್ದರು. ರಾತ್ರಿಯಿಡೀ ಓದಿದ ನರ್ಸುಗಳು ಡ್ಯೂಟಿಗೆ ಹೋಗಿದ್ದರು. ಮೇಲೆ ಉಳಿದವಳು ಒಬ್ಬ ಟೇಲರ್ ಹೆಂಗಸು, ಅವಳೂ ಓದುತ್ತಲೇ ತೂಕಡಿಸುತ್ತಿದ್ದಳು.

“ಅರ್ಧ ಗಂಟೆ, ಭಾಯಿ. ನೀನು ಬರೆದುಕೊಂಡ ಪುಟಗಳೇ ಬಂದಿವೆ. ನಿಲ್ಲಿಸಬೇಡ, ಅಷ್ಟೆ.”

ಅಡುಗೆಮನೆಯಿಂದ ಹೆಂಡತಿ ಬಂದಳು. “ಏನ್ರೀ, ಹೊಂಟ್ರೇನು ಕಿರಿಸ್ತಾನರ ಪುರಾಣಕ್ಕ?”

“ಅರ್ಧ ತಾಸ ಅಷ್ಟ.”

“ಮನ್ಯಾಗ ಸತ್ಯನಾರಾಯಣ ಕತಿ ಓದ್ರಿ ಅಂದ್ರ ಗಂಟಲ ಹಿಡದೈತಿ ಅಂತೀರಿ. ತಿಳೀಲಾರದ ಭಾಷಾದಾಗ ಹಾಡಾಕ ಗಂಟಲ ಬಿಡ್ತೇನು?”

“ತಿಳೀಲಾರದ್ದು ಛಲೋ. ತಿಳದ್ರ ತಪ್ಪ ಹುಡುಕಬೇಕಾಗ್ತೈತಿ.”

ಅವಳು ಕುಯಾನ ಮುಖ ನೋಡಿದಳು. ದನಿ ತಗ್ಗಿಸಿ, “ಹೋಗಿ ಬರ್ರಿ. ಪಾಪ, ಮನಶ್ಯಾ ಗಾಬರಿ ಆಗ್ಯಾನ,” ಎಂದಳು.

ಮೇಲೆ ಕೋಣೆಯೆಲ್ಲ ಕೆಂಪು ಬೆಳಕು, ಎರಡು ಮೇಣದಬತ್ತಿ, ಶುಂಠಿ ಕಷಾಯದ ವಾಸನೆ. ಗೋಡೆಗೆ ತಾಗಿಸಿದ ಮೇಜಿನ ಮೇಲೆ ಪುಸ್ತಕ. ಟೇಲರ್ ಹೆಂಗಸಿನ ದನಿ ತೆಳ್ಳಗೆ ಎಳೆಯುತ್ತಿತ್ತು. ನಾನು ಪಕ್ಕದಲ್ಲಿ ಕುಳಿತು, ಪುಸ್ತಕ ಮುಂದಿಟ್ಟುಕೊಂಡು, ಬದಿಗೆ ನನ್ನ ನೋಟ್‌ಬುಕ್ಕು ತೆರೆದು ಸಾಲು ಹಿಡಿದುಕೊಂಡೆ. ಅವಳು ಅಲ್ಲೇ ಸೋಫಾದ ಮೇಲೆ ತಲೆ ಇಟ್ಟಳು. ಕುಯಾ ಕಷಾಯ ಕಾಯಿಸಲು ಒಳಗೆ ಹೋದ.

ಅರ್ಧ ಗಂಟೆ ಸುಸೂತ್ರವಾಗಿ ಹಾಡಿದೆ. ಅಂಚಿನಲ್ಲಿ ಹೆಸರು ಬಂದಾಗ, ಕಲಿಸಿದ ಹಾಗೆ, ಅದನ್ನೂ ಸೇರಿಸಿದೆ. ಮರ ಕಡಿಯಲು ಹೋದವನನ್ನು ಒಬ್ಬ ಗದಗಿನವನು ಕರೆಯುತ್ತಿದ್ದಾನೆ ಎಂದು ತಿಳಿದು ಅವನಿಗೆ ಏನನ್ನಿಸಿತೋ. ನನ್ನ ನೋಟ್‌ಬುಕ್ಕಿನ ಕೊನೆಯ ಸಾಲು ಬಂತು. ಹಾಡಿದೆ. ಮುಂದಿನ ಸಾಲಿಗೆ ಯಾರನ್ನಾದರೂ ಎಬ್ಬಿಸಬೇಕು ಎಂದು ತಲೆಗೆ ಹೊಳೆಯುವ ಮೊದಲೇ ಕೈಗಳು ತಮ್ಮ ಕೆಲಸ ಮಾಡಿದವು. ಪುಸ್ತಕ ಮುಚ್ಚಿದೆ. ಎತ್ತಿ ಎಡಗಣ್ಣಿಗೆ ಒತ್ತಿಕೊಂಡೆ. ಬಲಗಣ್ಣಿಗೆ ಒತ್ತಿಕೊಂಡೆ.

ಕೋಣೆ ನಿಶ್ಶಬ್ದವಾಯಿತು.

ತೊಗಲಿನ ರಟ್ಟು ಮುಖದ ಮೇಲಿದ್ದಂತೆಯೇ ನನಗೆ ಅರ್ಥವಾಯಿತು. ಏಳನೆಯ ವರ್ಷ ನನ್ನ ಕೈಯಲ್ಲಿ ಮುಚ್ಚಿಹೋಗಿತ್ತು. ಯಾವ ಪುಟ ಎಂಬುದೂ ಗೊತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕುಯಾ ಕೆಟಲ್ ಹಿಡಿದು ನಿಂತಿದ್ದ. ಬಾಯಿ ತೆರೆದಿದ್ದ, ದನಿ ಹೊರಡಲಿಲ್ಲ.

ಆಗ ಮುಂದಿನ ಸಾಲು ಗೋಡೆಯಿಂದ ಬಂತು.

ಹೆಣ್ಣುದನಿ. ಜೋರಾಗಿರಲಿಲ್ಲ. ಪಾತ್ರೆ ತೊಳೆಯುತ್ತ ಹಾಡಿಕೊಳ್ಳುವವರ ಹಾಗೆ, ಅವಸರವಿಲ್ಲದೆ. ಒಂದನೆಯ ಸಾಲು, ಎರಡನೆಯದು. ಮೂರನೆಯ ಸಾಲು ಹಗ್ಗದ ಹಾಗೆ ಉದ್ದಕ್ಕೆ ಎಳೆದುಕೊಂಡು ಹೋಯಿತು. ಅದು ಕುಯಾನ ಊರಿನ ರಾಗ. ನಾಲ್ಕು. ಐದನೆಯ ಸಾಲಿನಲ್ಲಿ ಎಂಟು ಅಕ್ಷರ ಮುಗಿದ ಮೇಲೂ ದನಿ ನಿಲ್ಲಲಿಲ್ಲ, ಇನ್ನೂ ಮೂರು ಅಕ್ಷರ ಹಾಡಿತು.

ಟೇಲರ್ ಹೆಂಗಸು ಎದ್ದು ಕುಳಿತಿದ್ದಳು. ಪದ್ಯ ಮುಗಿದೊಡನೆ, ಅಭ್ಯಾಸಬಲದಿಂದ, ಪುಸ್ತಕವಿಲ್ಲದೆಯೇ ಬಾಯಿಪಾಠದಿಂದ ಮುಂದಿನ ಪದ್ಯ ಎತ್ತಿಕೊಂಡಳು. ಹಾಡುತ್ತಲೇ ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು ಪುಟ ಹುಡುಕಿದಳು. ಪುಟ ಸಿಕ್ಕ ಮೇಲೂ ಅವಳ ಕಣ್ಣು ಮತ್ತೆ ಮತ್ತೆ ಗೋಡೆಗೇ ಹೋಗುತ್ತಿತ್ತು.

ಇನ್ನೂ ಎರಡೂವರೆ ತಾಸಿನ ಓದು ಬಾಕಿ ಇತ್ತು. ಓದು ನಿಲ್ಲಿಸುವಂತಿಲ್ಲ ಎಂಬ ನಿಯಮದ ಪೂರ್ಣ ಅರ್ಥ ನನಗೆ ತಿಳಿದದ್ದು ಆಗ. ಗೋಡೆ ಹಾಡಿದೆ, ಅದರ ಬಗ್ಗೆ ಒಂದು ಮಾತೂ ಆಡದೆ ಮೂವರೂ ಅದೇ ಗೋಡೆಯ ಮುಂದೆ ಕುಳಿತು ಮುಂದುವರಿಸಬೇಕು. ಕುಯಾ ಬಿಸಿ ಕಷಾಯವನ್ನು ಗಟಗಟ ಕುಡಿದು ಒಡೆದ ದನಿಯಲ್ಲಿ ಸೇರಿಕೊಂಡ. ನನಗೆ ಗೊತ್ತಿದ್ದ ಪುಟಗಳು ಮುಗಿದಿದ್ದವು. ಅವರು ಉಸಿರು ತೆಗೆದುಕೊಳ್ಳುವ ಕಡೆ ಸ್ವರ ಹಿಡಿದುಕೊಂಡು ಕುಳಿತೆ, ಊರಲ್ಲಿ ಶ್ರುತಿಪೆಟ್ಟಿಗೆ ಒತ್ತುವವನ ಹಾಗೆ. ಒಮ್ಮೆ ಅವನ ಕಿವಿಯಲ್ಲಿ ಪಿಸುಗುಟ್ಟಿದೆ.

“ಕುಯಾ, ಆ ಕೊನೆಯ ಸಾಲಿನಲ್ಲಿ ಮೂರು ಅಕ್ಷರ ಹೆಚ್ಚಿತ್ತು. ಛಂದಸ್ಸು ತಪ್ಪಿತು.”

ಅವನು ನನ್ನ ಕೈ ಹಿಡಿದು ನೋಯುವಷ್ಟು ಒತ್ತಿದ. ಓದು ಮುಗಿಯುವವರೆಗೆ ಬಿಡಲಿಲ್ಲ.

ಮೂರಕ್ಕೆ ಹತ್ತು ನಿಮಿಷವಿರುವಾಗ ಮುಗಿಯಿತು. ಹಾರಿಸ್‌ನನ್ನು ಎಬ್ಬಿಸಿ ಪಕ್ಕದ ಫ್ಲಾಟಿನ ಬೀಗ ತೆಗೆಸಿದೆವು. ಅವನು ಬಾಗಿಲಲ್ಲೇ ನಿಂತು, “ಮಾಫಿ ನಫರ್, ಭಾಯಿ. ಯಾರೂ ಇಲ್ಲ. ಖಾಲಿ, ಖಲಾಸ್,” ಎಂದು ಮೂರು ಸಲ ಹೇಳಿದ. ಒಂದು ಸಲ ಹೇಳಿದ್ದರೆ ಅವನೇ ನಂಬಿದ್ದಾನೆ ಎನ್ನಬಹುದಿತ್ತು.

ಯಾರೂ ಇರಲಿಲ್ಲ. ಯುದ್ಧದ ವರ್ಷದಿಂದ ಇಳಿದ ಧೂಳು ನೆಲದ ಮೇಲೆ ಮಟ್ಟವಾಗಿ, ನಿಷ್ಪಕ್ಷಪಾತವಾಗಿ ಕುಳಿತಿತ್ತು. ನಮ್ಮ ಮೂವರ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆ ಇಲ್ಲ. ಅಡುಗೆಮನೆಯ ಹಿಂದೆ ಕೆಲಸದವಳ ಕೋಣೆ. ಒಂದು ಕಬ್ಬಿಣದ ಮಂಚ, ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿ ಬಾಗಿಲಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ, ಗೋಡೆಯಿಂದ ಒಂದು ಗೇಣು ದೂರದಲ್ಲಿತ್ತು. ಅದರ ಮೇಲೂ ಅಷ್ಟೇ ಧೂಳು. ಗೋಡೆಯ ಆ ಬದಿಗೆ ನಮ್ಮ ಮೇಜು. ನಾನು ವೃತ್ತಿಧರ್ಮದಂತೆ ಬಿರುಕು, ಪೈಪು, ಗಾಳಿಗಂಡಿ ಹುಡುಕಿದೆ. ಆರಿಂಚಿನ ಬ್ಲಾಕಿನ ಗೋಡೆ, ಎರಡೂ ಕಡೆ ಗಿಲಾವು, ಒಂದು ಮೊಳೆಯ ತೂತೂ ಇಲ್ಲ.

ಮೆಟ್ಟಿಲಿಳಿಯುವಾಗ ಕುಯಾ ಹೇಳಿದ. “ಆ ಮೂರು ಅಕ್ಷರ ಅಕ್ಕನ ಹೆಸರು. ಪಾಸ್‌ಪೋರ್ಟಿನದಲ್ಲ. ಅಮ್ಮ ಕರೆಯುವುದು. ಕುವೈತಿನಲ್ಲಿ ಅದು ನನ್ನೊಬ್ಬನಿಗೇ ಗೊತ್ತಿತ್ತು.”

ಮರುದಿನ, ಶನಿವಾರ, ಆಫೀಸಿನಲ್ಲಿ ಅವನು ಪುಸ್ತಕವನ್ನು ನನ್ನ ಡ್ರಾಯಿಂಗ್ ಬೋರ್ಡಿನ ಮೇಲೆ ಇಟ್ಟ. ನಾನು ಮುಚ್ಚಿದ ಪುಟವನ್ನು ತೆರೆದಿದ್ದ.

“ಬರೆ,” ಎಂದ.

“ಅಮ್ಮ ಹದಿನಾಲ್ಕು ಅಂದಿದ್ದಾರೆ.”

“ಅಕ್ಕ ತಾನೇ ಹಾಡಿಕೊಂಡಿದ್ದಾಳೆ, ಭಾಯಿ. ಇನ್ನೇನು ಬೇಕು? ಬರೆಯದಿದ್ದರೆ ಅವಳಿಗೆ ಬತ್ತಿ ಇಲ್ಲ. ಬರೆದದ್ದನ್ನು ಅಮ್ಮ ನೋಡಿದರೆ ಅಮ್ಮ ಉಳಿಯುವುದಿಲ್ಲ. ನಾನು ರಜೆಗೆ ಹೋದಾಗಲೆಲ್ಲ ಅವಳು ಪುಟ ಪುಟ ತಿರುಗಿಸಿ ಅಂಚು ನೋಡುತ್ತಾಳೆ. ನೀನು ನಿನ್ನ ಅಕ್ಷರದಲ್ಲಿ ಬರೆ.”

ಪಾದ್ರಿಯ ಕಣ್ಣು ತಪ್ಪಿಸಲು ಅವನ ಹಿರಿಯರು ಅಂಚು ಹುಡುಕಿದ್ದರು. ತಾಯಿಯ ಕಣ್ಣು ತಪ್ಪಿಸಲು ಅವನು ಕನ್ನಡ ಹುಡುಕಿದ. ನಮ್ಮ ಲಿಪಿಗೆ ಇಂಥ ಸರ್ಕಾರಿಯಲ್ಲದ ಗೌರವ ಇನ್ನೆಲ್ಲಾದರೂ ಸಿಕ್ಕಿದೆಯೋ ನಾನರಿಯೆ. ಅತಿ ಸಣ್ಣ ಮೊನೆಯ ಪೆನ್ನು ತೊಳೆದು, ಹೊಸ ಶಾಯಿ ತುಂಬಿ, ಮೂರು ಅಕ್ಷರ ಬರೆದೆ. ಈ ಸಲ ಶಾಯಿ ಆರುವವರೆಗೆ ಪುಸ್ತಕ ಮುಚ್ಚಲಿಲ್ಲ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಇರಬೇಕಾದ ಕಡೆ ಇದೆ. ಅಂದು ಸಂಜೆ ಕುಯಾ ಮೊದಲ ಸಲ ಅಕ್ಕನಿಗೆ ಬತ್ತಿ ಹಚ್ಚಿದ. ಹೆಂಡತಿ ಕೇಳದೆಯೇ ಮೇಲೆ ಹೋಗಿ ಎರಡು ಬಾಳೆಹಣ್ಣು ಇಟ್ಟು ಬಂದಳು.

ಮುಂದಿನ ವರ್ಷದ ಓದಿನಲ್ಲಿ ಆ ಪುಟಕ್ಕೆ ನನ್ನನ್ನೇ ಕರೆದರು. ಬೇರೆ ಯಾರಿಗೂ ಓದಲು ಬರುತ್ತಿರಲಿಲ್ಲವಲ್ಲ. ಓದಿ, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ. ಗೋಡೆ ಸುಮ್ಮನಿತ್ತು.

ಅದರ ಮುಂದಿನ ವರ್ಷ ಅವನು ಆ ವಾರಕ್ಕೆ ರಜೆ ಹಾಕಿ, ಪುಸ್ತಕ ತೆಗೆದುಕೊಂಡು ಊರಿಗೆ ಹೋದ. ತಾಯಿಗೆ ಕಣ್ಣು ಮಂಜಾಗುತ್ತಿತ್ತು, ಒಮ್ಮೆ ಮನೆಯಲ್ಲಿ ಓದಬೇಕೆಂದಿದ್ದಳು. ತಿರುಗಿ ಬಂದ ದಿನ, ಊಟದ ಬಿಡುವಿನಲ್ಲಿ, ಡಬ್ಬಿ ಬಿಚ್ಚದೆ ಕುಳಿತ.

“ಅಮ್ಮನೇ ಓದುತ್ತಿದ್ದಳು. ಆ ಪುಟ ಬಂತು. ಬೆರಳು ಅಂಚಿಗೆ ಹೋಯಿತು. ಇದೇನು ಅಂತ ಕೇಳುತ್ತಾಳೆ ಅಂದುಕೊಂಡೆ. ಉತ್ತರ ಇಟ್ಟುಕೊಂಡಿದ್ದೆ, ಯಾರೋ ಹಿಂದೂಸ್ತಾನಿ ಪೆನ್ನು ಪರೀಕ್ಷೆ ಮಾಡಿದ್ದು ಅಂತ.”

“ಕೇಳಿದರೇ?”

“ಇಲ್ಲ. ಬೆರಳಿಟ್ಟು ಓದಿದಳು, ಅಕ್ಕನ ಹೆಸರು. ಮೂರೂ ಅಕ್ಷರ.”

ಕೆಳಗೆ ಗರಗಸ ಒಂದು ಸರಳು ಕೊಯ್ದು ಮುಗಿಸಿ ಇನ್ನೊಂದಕ್ಕೆ ಕಾಯುತ್ತಿತ್ತು.

“ಆಮೇಲೆ?”

“ಆಮೇಲೇನು, ಮುಂದಿನ ಪದ್ಯ,” ಎಂದ ಕುಯಾ. “ನಿಲ್ಲಿಸುವಂತಿಲ್ಲವಲ್ಲ, ಭಾಯಿ.”